ಓದುಗರ ಪ್ರಶ್ನೆ: ಸ್ಕೌಟು, ಗೈಡು ಒಟ್ಟಿಗೇನಾ, ಬೇರೆ ಬೇರೆನಾ?

ಹೋದ ಸಂಚಿಕೆಯಲ್ಲಿ ಒಬ್ಬರು 'ಮಕ್ಕಳನ್ನು ಸ್ಕೌಟ್ಸ್‌ಗೆ ಹಾಕಿದರೆ ಏನು ಉಪಯೋಗ' ಅಂತ ಕೇಳಿದ್ದರು. ಉತ್ತರದ ಕೊನೆಗೆ ನಾನು ಸುಮ್ನೆ ಒಂದು ಸಾಲು ಸೇರಿಸಿದ್ದೆ: 'ಹುಡುಗರು, ಹುಡುಗಿಯರು ಒಂದೇ ಮೈದಾನದಲ್ಲಿ ಕಲಿತರೆ ಇನ್ನೂ ಒಳ್ಳೆಯದು.' ಬಂದ ಪತ್ರಗಳೆಲ್ಲ ಆ ಒಂದು ಸಾಲಿನ ಬಗ್ಗೆಯೇ! ಮೇಲಿನದ್ದನ್ನು ಯಾರೂ ಓದಿದ ಹಾಗೆ ಕಾಣಲಿಲ್ಲ. ಇರಲಿ, ಈ ಸಲದ ಅಂಕಣ ಪೂರ್ತಿ ಇದಕ್ಕೇ.

ಅಕ್ಕೋರೇ, ನನ್ನ ಮಗಳು ಎಂಟನೇ ಕ್ಲಾಸು, ಗೈಡ್ಸ್‌ನಲ್ಲಿ ಇದ್ದಾಳೆ. ಈಗ ಹುಡುಗರು, ಹುಡುಗಿಯರು ಸೇರಿ ಮೂರು ದಿನದ ಕ್ಯಾಂಪ್ ಅಂತೆ. ಇವರ ಅಪ್ಪ ಬೇಡವೇ ಬೇಡ ಅಂತಾರೆ. ಅವಳು ಊಟ ಬಿಟ್ಟು ಮುಖ ಊದಿಸಿಕೊಂಡು ಕೂತಿದ್ದಾಳೆ. ಕಳಿಸಲಾ, ಬೇಡವಾ?
– ಒಬ್ಬ ತಾಯಿ, ಸೇಡಂ

ಕಳಿಸಿ. ಆದರೆ ಕಳಿಸುವ ಮೊದಲು ಒಂದು ಸಲ ಶಾಲೆಗೆ ಹೋಗಿ ಬನ್ನಿ, ಅವರ ಅಪ್ಪನನ್ನೂ ಕರೆದುಕೊಂಡೇ ಹೋಗಿ.

ನಿಮ್ಮ ಮನೆಯವರ ತಲೆಯಲ್ಲಿ ಯಾವ ಚಿತ್ರ ಇದೆಯೋ ಗೊತ್ತಿಲ್ಲ. ನಮ್ಮ ದೇಶದಲ್ಲಿ ಹತ್ತು ವರ್ಷ ಮೇಲ್ಪಟ್ಟ ಹುಡುಗರ ದಳ ಸ್ಕೌಟ್, ಹುಡುಗಿಯರ ದಳ ಗೈಡ್. ಸಂಸ್ಥೆ ಒಂದೇ, ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್. ಆದರೆ ದಳಗಳು ಬೇರೆ, ನಡೆಸುವವರೂ ಬೇರೆ. ಗೈಡ್ ದಳಕ್ಕೆ ಕ್ಯಾಪ್ಟನ್ ಹೆಣ್ಣುಮಗಳೇ ಆಗಿರಬೇಕು. ಜಂಟಿ ಕ್ಯಾಂಪ್ ಅಂದರೆ ಬೆಳಗ್ಗೆ ಧ್ವಜಾರೋಹಣ ಒಟ್ಟಿಗೆ, ಆಟ, ಹೈಕ್ ಒಟ್ಟಿಗೆ, ಸಂಜೆ ಕ್ಯಾಂಪ್ ಫೈರ್ ಒಟ್ಟಿಗೆ. ಮಲಗುವ ಜಾಗ, ಸ್ನಾನದ ಜಾಗ ಬೇರೆ ಬೇರೆ. ಹಾಗೆ ಇಲ್ಲದಿದ್ದರೆ ಅದು ಸರಿಯಾದ ಕ್ಯಾಂಪೇ ಅಲ್ಲ, ಆಗ ನಾನೂ ಬೇಡ ಅಂತಲೇ ಹೇಳುತ್ತೇನೆ.

ಅದಕ್ಕೇ ಶಾಲೆಗೆ ಹೋಗಿ ಕೇಳಿ ಅಂದಿದ್ದು. ರಾತ್ರಿ ಹುಡುಗಿಯರ ಜೊತೆ ಮಲಗುವ ಮೇಡಂ ಯಾರು, ಒಬ್ಬರೇನಾ ಇಬ್ಬರಾ (ಇಬ್ಬರು ಇರಬೇಕು, ಒಬ್ಬರಿಗೆ ಜ್ವರ ಬಂದರೆ?), ಶೌಚಾಲಯಕ್ಕೆ ಬಾಗಿಲು, ಚಿಲಕ, ನೀರು ಇದೆಯಾ, ರಾತ್ರಿ ಅಲ್ಲಿಗೆ ಹೋಗುವ ದಾರಿಯಲ್ಲಿ ಲೈಟ್ ಇದೆಯಾ, ಮುಟ್ಟಾದರೆ ಪ್ಯಾಡ್ ಯಾರ ಹತ್ತಿರ ಇರುತ್ತೆ, ಬಳಸಿದ್ದನ್ನು ಎಲ್ಲಿ ಹಾಕಬೇಕು, ಹತ್ತಿರದ ಆಸ್ಪತ್ರೆ ಎಷ್ಟು ದೂರ. ಇಷ್ಟು ಕೇಳಿದಾಗ ಥಟ್ಟನೆ ಉತ್ತರ ಬಂತು ಅಂದರೆ ಅವರು ತಯಾರಿ ಮಾಡಿಕೊಂಡಿದ್ದಾರೆ ಅಂತ ಅರ್ಥ. 'ಅದೆಲ್ಲ ಆಗುತ್ತೆ ಬಿಡ್ರಿ' ಅಂದರೆ ಇನ್ನೊಂದು ಸಲ ಕೇಳಿ. ಯಾರೂ ಬೇಜಾರು ಮಾಡಿಕೊಳ್ಳಬಾರದು, ಇದು ತಾಯಿ ಕೇಳಲೇಬೇಕಾದ ಪ್ರಶ್ನೆ. ಮಗಳಿಗೂ 1098 ನಂಬರ್ ಬಾಯಿಪಾಠ ಮಾಡಿಸಿ, ಅದು ಮಕ್ಕಳ ಸಹಾಯವಾಣಿ. ಮತ್ತೆ ಒಂದು ಮಾತು ನೆನಪಿರಲಿ. ಮಕ್ಕಳಿಗೆ ತೊಂದರೆ ಆಗುವುದು ಜೊತೆಯ ಹುಡುಗರಿಂದಲೇ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ದೊಡ್ಡವರಿಂದಲೂ ಆಗುತ್ತೆ, ಬರೀ ಹುಡುಗಿಯರ ಕ್ಯಾಂಪಿನಲ್ಲೂ ಆಗುತ್ತೆ, ಬರೀ ಹುಡುಗರ ಕ್ಯಾಂಪಿನಲ್ಲೂ ಆಗುತ್ತೆ. 2012ರ ಪೋಕ್ಸೊ ಕಾಯ್ದೆ ಗಂಡುಮಗುವಿಗೂ ಅನ್ವಯ ಆಗುವುದು ಸುಮ್ನೆ ಅಲ್ಲ. ದಳ ಬೇರೆ ಮಾಡಿದ ಕೂಡಲೇ ಎಲ್ಲ ಸುರಕ್ಷಿತ ಅಂತ ನಿಶ್ಚಿಂತೆಯಿಂದ ಕೂರುವ ಹಾಗಿಲ್ಲ.

ನಿಮ್ಮ ಮನೆಯವರಿಗೆ ಇದನ್ನೂ ಹೇಳಿ: ಅವರಿಗೆ ಬಂದ ಭಯ ಹೊಸದೇನಲ್ಲ, ನೂರು ವರ್ಷಕ್ಕಿಂತ ಹಳೆಯದು. 1907ರಲ್ಲಿ ಸ್ಕೌಟಿಂಗ್ ಹುಟ್ಟುಹಾಕಿದ ಬೇಡನ್ ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಮೊದಲ ಕ್ಯಾಂಪ್ ಮಾಡಿದಾಗ ಕರೆದುಕೊಂಡು ಹೋಗಿದ್ದು ಬರೀ ಹುಡುಗರನ್ನು. 1909ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್‌ನಲ್ಲಿ ಸ್ಕೌಟುಗಳ ದೊಡ್ಡ ಸಮಾವೇಶ ಆಯಿತು. ಅಲ್ಲಿಗೆ ಕೆಲವು ಹುಡುಗಿಯರು ತಾವೇ ಟೋಪಿ ಹಾಕಿಕೊಂಡು ಬಂದು 'ನಾವೂ ಸ್ಕೌಟುಗಳೇ' ಅಂತ ನಿಂತರು. ಹುಡುಗಿಯರು ಹುಡುಗರ ಹಾಗೆ ಕಾಡು ಮೇಡು ಸುತ್ತುವುದಾ ಅಂತ ಆ ಕಾಲದ ಜನ ಮೂಗು ಮುರಿದರು. ಪೊವೆಲ್ ನಡುದಾರಿ ಹಿಡಿದರು. 1910ರಲ್ಲಿ ಹುಡುಗಿಯರಿಗೆ ಗೈಡ್ಸ್ ಅಂತ ಬೇರೆ ಸಂಸ್ಥೆ ಮಾಡಿ ತಮ್ಮ ತಂಗಿ ಆಗ್ನೆಸ್ ಕೈಗೆ ಕೊಟ್ಟರು. ಅಂದರೆ ಬೇರೆ ಮಾಡಿದ್ದು ಬೋಧನೆಯ ಲೆಕ್ಕಾಚಾರದಿಂದ ಮಾತ್ರ ಅಲ್ಲ, ನಿಮ್ಮ ಮನೆಯವರಂಥ ಅಪ್ಪಂದಿರನ್ನು ಒಪ್ಪಿಸುವುದಕ್ಕೂ ಹೌದು. ಆ ಅಪ್ಪಂದಿರು ಕೊನೆಗೆ ಕಳಿಸಿದರು. ಇವರೂ ಕಳಿಸಲಿ.

ನಮ್ಮದು ಹಳ್ಳಿ ಶಾಲೆ. ಗೈಡ್ಸ್ ಸೇರಲು 9 ಹುಡುಗಿಯರು ತಯಾರಿದ್ದಾರೆ, ಸ್ಕೌಟ್ಸ್‌ಗೆ 14 ಹುಡುಗರು. ತರಬೇತಿ ಆದ ಮೇಡಂ ಇಲ್ಲ, ಇರುವವನು ನಾನೊಬ್ಬನೇ ದೈಹಿಕ ಶಿಕ್ಷಕ. ಎಲ್ಲರನ್ನೂ ಒಂದೇ ದಳ ಮಾಡಿದರೆ ತಪ್ಪೇನು?
– ಒಬ್ಬ ಶಿಕ್ಷಕರು, ಸುರಪುರ ತಾಲ್ಲೂಕು

ಸರ್, ಬಂದ ಪತ್ರಗಳಲ್ಲಿ ನನಗೆ ಮುಖ್ಯ ಅನ್ನಿಸಿದ್ದು ನಿಮ್ಮದೇ. ಉಳಿದವರು ಒಟ್ಟಿಗೆ ಇರಬೇಕಾ ಬೇರೆ ಇರಬೇಕಾ ಅಂತ ಜಗಳ ಆಡುತ್ತಿದ್ದಾರೆ. ನಮ್ಮ ಕಡೆ ಹಳ್ಳಿಗಳಲ್ಲಿ ಹುಡುಗಿಯರಿಗೆ ಎರಡೂ ಸಿಗುವುದಿಲ್ಲ. ಮೇಡಂ ಇಲ್ಲ, ಹಾಗಾಗಿ ಗೈಡ್ ದಳ ಇಲ್ಲ, ಹಾಗಾಗಿ ಶನಿವಾರ ಹುಡುಗರು ಮೈದಾನದಲ್ಲಿ ಹಗ್ಗದ ಗಂಟು ಕಲಿಯುವಾಗ ಇವರು ವರಾಂಡದಲ್ಲಿ ಕೂತು ನೋಡಬೇಕು. 'ಬೇರೆ ಇರಲಿ' ಅನ್ನುವ ನಿಯಮ ಕೊನೆಗೆ 'ಇಲ್ಲದೇ ಇರಲಿ' ಅಂತ ಆಗಿಬಿಡುತ್ತೆ. ಇದಕ್ಕೆ ಮಾತ್ರ ನನ್ನ ಒಪ್ಪಿಗೆ ಇಲ್ಲ.

ನೋಂದಣಿ ಒಂದೇ ದಳ ಅಂತ ಮಾಡಲು ಬರುವುದಿಲ್ಲ, ಗೈಡ್ ವಿಭಾಗ ಬೇರೆಯೇ. ಆದರೆ 9 ಹುಡುಗಿಯರು ಅಂದರೆ ಕಡಿಮೆ ಅಲ್ಲ, ಒಂದು ಪೆಟ್ರೋಲ್‌ಗೆ (ದಳದೊಳಗಿನ ಚಿಕ್ಕ ತಂಡಕ್ಕೆ) 6ರಿಂದ 8 ಮಕ್ಕಳು ಸಾಕು. ನಿಮಗೆ ಕೊರತೆ ಇರುವುದು ಮಕ್ಕಳದ್ದಲ್ಲ, ಒಬ್ಬ ಹೆಣ್ಣುಮಗಳದ್ದು. ನಿಮ್ಮ ಶಾಲೆಯಲ್ಲಿ ಇರುವ ಮೇಡಂಗಳಲ್ಲಿ ಒಬ್ಬರನ್ನು ಬೇಸಿಕ್ ಕೋರ್ಸಿಗೆ ಕಳಿಸಲು ಹೆಡ್‌ಮಾಸ್ತರ್ ಹತ್ತಿರ ಮಾತಾಡಿ. ಸುಮಾರು ಒಂದು ವಾರದ ತರಬೇತಿ ಅಷ್ಟೇ. 'ಮನೆಯಲ್ಲಿ ಚಿಕ್ಕ ಮಕ್ಕಳು, ವಾರ ಹೊರಗೆ ಇರಲು ಆಗಲ್ಲ' ಅಂತ ಅವರು ಹೇಳಬಹುದು, ಅದು ನಿಜವಾದ ತೊಂದರೆಯೇ. ನೆವ ಅಂದುಕೊಳ್ಳಬೇಡಿ. ಒಬ್ಬರು ಆಗದಿದ್ದರೆ ಇನ್ನೊಬ್ಬರು, ಅತಿಥಿ ಶಿಕ್ಷಕಿ ಆದರೂ ನಡೆಯುತ್ತಾ ಅಂತ ಜಿಲ್ಲಾ ಸಂಸ್ಥೆಯವರನ್ನು ಕೇಳಿ ನೋಡಿ.

ಅಲ್ಲಿಯವರೆಗೆ ಮೈದಾನದ ಕೆಲಸ ಎಲ್ಲರಿಗೂ ಒಟ್ಟಿಗೆ ಶುರು ಮಾಡಿ. ಶಾಲೆ ಹೊತ್ತಿನಲ್ಲಿ, ಶಾಲೆ ಆವರಣದಲ್ಲಿ, ಬೇರೆ ಶಿಕ್ಷಕರ ಕಣ್ಣೆದುರಿಗೆ. ಗಂಟು, ಪ್ರಥಮ ಚಿಕಿತ್ಸೆ, ಟ್ರ್ಯಾಕಿಂಗ್ ಗುರುತು, ದಿಕ್ಕು ನೋಡುವುದು, ಇದಕ್ಕೆಲ್ಲ ಗಂಡು ಹೆಣ್ಣು ಎಂಥದ್ದು? ಕ್ಲೋವ್ ಹಿಚ್ ಗಂಟು ಹಾಕಿದರೆ ಹಗ್ಗ ಯಾರ ಕೈಯಲ್ಲಾದರೂ ಕಂಬಕ್ಕೆ ಗಟ್ಟಿಯಾಗಿ ನಿಲ್ಲುತ್ತೆ. ನೋಂದಣಿ ಬರುವ ವರ್ಷ ಆಗಲಿ, ಕಲಿಕೆ ಈ ಶನಿವಾರ ಆಗಲಿ. ಆದರೆ ರಾತ್ರಿ ತಂಗುವ ಕ್ಯಾಂಪಿಗೆ ಮೇಡಂ ಇಲ್ಲದೆ ಹುಡುಗಿಯರನ್ನು ಕರೆದುಕೊಂಡು ಹೋಗಬೇಡಿ, ಎಷ್ಟೇ ಒಳ್ಳೆಯ ಮನಸ್ಸಿದ್ದರೂ ಬೇಡ.

ಮೇಡಂ, ನಾನು ಒಂಬತ್ತನೇ ಕ್ಲಾಸ್, ಗೈಡ್. ನಮ್ಮ ಕ್ಯಾಂಪಿನಲ್ಲಿ ಹುಡುಗರು ಟೆಂಟ್ ಹಾಕಿದರು, ಗೇಟ್ ಕಟ್ಟಿದರು. ನಮಗೆ ರಂಗೋಲಿ ಹಾಕಿ, ಅತಿಥಿಗಳಿಗೆ ಆರತಿ ಎತ್ತಿ, ಸ್ವಾಗತ ಗೀತೆ ಹಾಡಿ ಅಂದರು. ಬೇರೆ ಬೇರೆ ದಳ ಇರುವುದರಿಂದಲೇ ಹೀಗಲ್ವಾ? ಒಂದೇ ಮಾಡಿದರೆ ಸರಿ ಹೋಗುತ್ತಾ?
– ಒಬ್ಬ ಗೈಡ್, ಬೀದರ್

ತಂಗಿ, ನಿನ್ನ ಸಿಟ್ಟು ನೂರಕ್ಕೆ ನೂರು ಸರಿ. ಆದರೆ ಔಷಧ ಬೇರೆ ಅನ್ನಿಸುತ್ತೆ ನನಗೆ.

ಯೋಚನೆ ಮಾಡಿ ನೋಡು. ಹದಿಮೂರು, ಹದಿನಾಲ್ಕು ವರ್ಷದ ಮೂವರು ಹುಡುಗರು, ಮೂವರು ಹುಡುಗಿಯರನ್ನು ಒಂದೇ ಪೆಟ್ರೋಲ್ ಮಾಡಿ, ಒಲೆ ಹೂಡಿ ಅಡಿಗೆ ಮಾಡಿ ಅಂತ ಬಿಟ್ಟರೆ ಅರ್ಧ ಗಂಟೆಯಲ್ಲಿ ಏನಾಗುತ್ತೆ? ಹುಡುಗರು ಕಟ್ಟಿಗೆ ತರಲು ಹೋಗಿ ಅಲ್ಲೇ ಆಟಕ್ಕೆ ನಿಲ್ಲುತ್ತಾರೆ, ಹುಡುಗಿಯರು ಹಿಟ್ಟು ಕಲಸುತ್ತಾರೆ. ಯಾರೂ ಹೇಳಿಕೊಟ್ಟಿರುವುದಿಲ್ಲ, ಮನೆಯಲ್ಲಿ ಕಂಡದ್ದನ್ನೇ ಮಾಡುತ್ತಾರೆ. ಯಾರಾದರೂ ಲೆಕ್ಕ ಬರೆಯಬೇಕು ಅಂದರೆ 'ನಿನ್ನ ಅಕ್ಷರ ಚಂದ ಇದೆ, ನೀನೇ ಬರಿ' ಅಂತ ಹುಡುಗಿಯ ಕೈಗೆ ಬುಕ್ಕು. ದನಿ ಜೋರಿರುವವನು ಲೀಡರ್. ಅದೇ ಬರೀ ಹುಡುಗಿಯರ ಪೆಟ್ರೋಲ್ ಆಗಿದ್ದರೆ ಟೆಂಟಿನ ಗೂಟ ಹೊಡೆಯುವವಳೂ ಅವರಲ್ಲೊಬ್ಬಳೇ, ದಾರಿ ತಪ್ಪಿದಾಗ ಎಡಕ್ಕೋ ಬಲಕ್ಕೋ ಅಂತ ತೀರ್ಮಾನ ಮಾಡುವವಳೂ ಅವರಲ್ಲೊಬ್ಬಳೇ. ಬೇರೆ ದಾರಿಯೇ ಇಲ್ಲ! ಹುಡುಗರಿಗೂ ಇದರಿಂದ ಲಾಭ ಇದೆ, ಇದನ್ನು ಯಾರೂ ಹೇಳುವುದಿಲ್ಲ. ಬರೀ ಹುಡುಗರ ಪೆಟ್ರೋಲ್‌ನಲ್ಲಿ ರೊಟ್ಟಿ ಬಡಿಯುವುದು, ಪುಂಡಿ ಪಲ್ಯ ಮಾಡುವುದು, ತಳ ಹತ್ತಿದ ಪಾತ್ರೆ ಉಜ್ಜುವುದು ಎಲ್ಲ ಅವರ ತಲೆಗೇ ಬರುತ್ತೆ. ರೊಟ್ಟಿ ಬೀದರ್ ಜಿಲ್ಲೆಯ ನಕ್ಷೆಯ ಹಾಗೆ ಬಂದರೂ ತಿನ್ನಲೇಬೇಕು. ಮನೆಯಲ್ಲಿ ಒಂದು ಲೋಟ ಎತ್ತಿಡದ ಮಗ ಕ್ಯಾಂಪಿನಲ್ಲಿ ಚಹಾ ಮಾಡಲು ಕಲಿತು ಬರುವುದು ಹೀಗೆ.

ಅದಕ್ಕೇ ಹತ್ತರಿಂದ ಹದಿನಾರರವರೆಗೆ ದಳ ಬೇರೆ ಇದ್ದರೇ ಒಳ್ಳೆಯದು ಅಂತ ನಾನು ಹೇಳುವುದು. ನೀತಿ ಕೆಡುತ್ತೆ ಅಂತ ಅಲ್ಲ. ಎಲ್ಲ ಕೆಲಸವನ್ನೂ ಎಲ್ಲರೂ ಮಾಡಲಿ ಅಂತ.

ಈಗ ನಿನ್ನ ಕ್ಯಾಂಪಿಗೆ ಬರೋಣ. ಅಲ್ಲಿ ತಪ್ಪಿದ್ದು ಎಲ್ಲಿ? ದಳ ಬೇರೆ ಇದ್ದವು, ಕೆಲಸವೂ ಬೇರೆ ಆಯಿತು. ಗೈಡ್‌ಗಳ ಪಠ್ಯದಲ್ಲೂ ಪಯೋನಿಯರಿಂಗ್ (ಕಂಬ, ಹಗ್ಗದಿಂದ ಕಟ್ಟುವ ಕೆಲಸ) ಇದೆ, ಹೈಕ್ ಇದೆ. ಪ್ರವೇಶದಿಂದ ಶುರುವಾಗಿ ಪ್ರಥಮ, ದ್ವಿತೀಯ, ತೃತೀಯ ಸೋಪಾನ, ರಾಜ್ಯ ಪುರಸ್ಕಾರ, ಕೊನೆಗೆ ರಾಷ್ಟ್ರಪತಿ ಪುರಸ್ಕಾರ, ಮೆಟ್ಟಿಲು ಇಬ್ಬರಿಗೂ ಅವೇ. ನಿಯಮಗಳೂ ಅವೇ 9. ಅದರಲ್ಲಿ ಎಲ್ಲೂ ಆರತಿ ಇಲ್ಲ. ಹಾಗಾಗಿ ನೀವು ನಾಲ್ಕೈದು ಜನ ಸೇರಿ ಕ್ಯಾಪ್ಟನ್ ಮೇಡಂ ಹತ್ತಿರ ಹೋಗಿ, ಜಗಳಕ್ಕಲ್ಲ, ಪುಸ್ತಕ ಹಿಡಿದುಕೊಂಡು. 'ಮೇಡಂ, ಇಲ್ಲಿ ಟೆಂಟ್ ಹಾಕುವುದು ಇದೆ, ನಮಗೆ ಪರೀಕ್ಷೆ ಬರುತ್ತೆ, ಕಲಿಸಿ' ಅನ್ನಿ. ಪರೀಕ್ಷೆ ಅಂದರೆ ಮೇಡಂ ಕೇಳುತ್ತಾರೆ. ರಂಗೋಲಿ ಬೇಕಾದರೆ ಸ್ಕೌಟ್‌ಗಳಿಗೂ ಒಂದು ಕೈ ನೋಡಲು ಬಿಡಿ, ಚುಕ್ಕಿ ಲೆಕ್ಕ ಅವರಿಗೂ ಬರುತ್ತೆ. ಮುಂದಿನ ಸಲ ಬೀದರ್ ಕೋಟೆ ಸುತ್ತ ಹೈಕ್ ಇಟ್ಟರೆ ನಕ್ಷೆ ಓದುವ ಕೆಲಸ ನೀನೇ ಕೇಳಿ ತಗೋ.

ಅಮ್ಮಾ, ನಾನು ನಿವೃತ್ತ ನೌಕರ. ಬಾಲಕ ಬಾಲಕಿಯರು ಒಟ್ಟಿಗೆ ಕ್ಯಾಂಪ್ ಮಾಡುವುದೆಲ್ಲ ವಿದೇಶದ ಅನುಕರಣೆ. ಅಮೆರಿಕದಲ್ಲಿ ಈಗ ಹುಡುಗರ ಸ್ಕೌಟಿಂಗ್‌ಗೇ ಹುಡುಗಿಯರನ್ನು ಸೇರಿಸಿ ಹೆಸರನ್ನೇ ಬದಲಾಯಿಸಿದ್ದಾರೆ. ನಮ್ಮ ಸಂಸ್ಕೃತಿಗೆ ಇದು ಒಗ್ಗುತ್ತದೆಯೇ?
– ಒಬ್ಬ ಹಿರಿಯರು, ಬಸವಕಲ್ಯಾಣ

ಅಜ್ಜಾರೇ, ನಮಸ್ಕಾರ. ಅನುಕರಣೆ ಅಂದರೆ ಸ್ಕೌಟಿಂಗೇ ಅನುಕರಣೆ. ಸ್ಕಾರ್ಫು, ಎಡಗೈ ಕುಲುಕುವುದು, ಮೂರು ಬೆರಳಿನ ಸೆಲ್ಯೂಟು ಎಲ್ಲ ಅಲ್ಲಿಂದಲೇ ಬಂದದ್ದು. 1909ರಲ್ಲಿ ಬೆಂಗಳೂರಿನಲ್ಲಿ ಶುರುವಾದಾಗ ಅದು ಬ್ರಿಟಿಷರ ಮಕ್ಕಳಿಗೆ, ಆಂಗ್ಲೋ ಇಂಡಿಯನ್ ಮಕ್ಕಳಿಗೆ ಮಾತ್ರ ಇತ್ತು, ನಮ್ಮವರಿಗೆ ಪ್ರವೇಶವೇ ಇರಲಿಲ್ಲ. ಆಮೇಲೆ ಆನಿ ಬೆಸೆಂಟ್, ಮದನ ಮೋಹನ ಮಾಳವೀಯ, ಹೃದಯನಾಥ ಕುಂಜ್ರು, ಶ್ರೀರಾಮ ಬಾಜಪೇಯಿ ಇವರೆಲ್ಲ ಭಾರತದ ಮಕ್ಕಳಿಗೂ ಬೇಕು ಅಂತ ಬೇರೆ ಸಂಘ ಕಟ್ಟಿದರು. 1950ರ ನವೆಂಬರ್ 7ರಂದು ಬೇರೆ ಬೇರೆ ಇದ್ದ ಸಂಘಗಳು ಒಂದಾದವು, 1951ರ ಆಗಸ್ಟ್ 15ಕ್ಕೆ ಹುಡುಗಿಯರ ಗೈಡ್ಸ್ ಸಂಘವೂ ಬಂದು ಸೇರಿತು. ಎಷ್ಟೋ ದೇಶಗಳಲ್ಲಿ ಸ್ಕೌಟ್ಸ್, ಗೈಡ್ಸ್ ಎರಡು ಬೇರೆ ಸಂಸ್ಥೆಗಳಾಗಿ ಉಳಿದಿದ್ದಾಗ ನಾವು ಒಂದೇ ಮನೆಯಲ್ಲಿ ಎರಡು ಕೋಣೆ ಮಾಡಿಕೊಂಡೆವು. ಇದನ್ನು ಯಾರನ್ನೂ ನೋಡಿ ಮಾಡಿದ್ದಲ್ಲ.

ಅಮೆರಿಕದ ವಿಷಯ ನೀವು ಹೇಳಿದ್ದು ನಿಜ, ಆದರೆ ಅರ್ಧ. ಅವರು 2018ರಲ್ಲಿ ಚಿಕ್ಕ ಮಕ್ಕಳ ವಿಭಾಗಕ್ಕೆ, 2019ರಲ್ಲಿ ದೊಡ್ಡವರ ವಿಭಾಗಕ್ಕೆ ಹುಡುಗಿಯರನ್ನು ಸೇರಿಸಿಕೊಂಡರು. ಆಗಲೂ ದೊಡ್ಡ ಮಕ್ಕಳ ದಳ ಹುಡುಗರದ್ದು ಬೇರೆ, ಹುಡುಗಿಯರದ್ದು ಬೇರೆ ಅಂತಲೇ ನಿಯಮ ಇತ್ತು. ಹೆಸರು ಬದಲಾಗಿದ್ದು 2025ರ ಫೆಬ್ರವರಿಯಲ್ಲಿ, 'ಸ್ಕೌಟಿಂಗ್ ಅಮೆರಿಕ' ಅಂತ. ಸೇರಿಸಿಕೊಂಡಿದ್ದನ್ನು ಹೆಚ್ಚು ವಿರೋಧ ಮಾಡಿದವರು ಯಾರು ಗೊತ್ತಾ? ಅಲ್ಲಿನ ಹುಡುಗಿಯರ ಸಂಸ್ಥೆಯವರೇ. 'ಹುಡುಗಿಯರಿಗೆ ಅಂತಲೇ ಇರುವ ಜಾಗ ನಮ್ಮದು, ನಮ್ಮ ಮಕ್ಕಳನ್ನು ಎಳೆದುಕೊಳ್ಳುತ್ತಿದ್ದೀರಿ' ಅನ್ನುವ ಧಾಟಿಯಲ್ಲಿ ಮಾತಾಡಿದರು, 'ಸ್ಕೌಟ್ಸ್' ಅನ್ನುವ ಹೆಸರು ಬಳಸುವ ವಿಷಯಕ್ಕೆ 2018ರಲ್ಲಿ ಕೋರ್ಟಿಗೂ ಹೋದರು. 2022ರಲ್ಲಿ ಆ ಕೇಸು ಬಿದ್ದುಹೋಯಿತು. ಬ್ರಿಟನ್ನಿನಲ್ಲಿ 1976ರಿಂದ ಮೆಲ್ಲಗೆ ಶುರುವಾಗಿ 2007ಕ್ಕೆ ಎಲ್ಲ ಸ್ಕೌಟ್ ಘಟಕಗಳೂ ಹುಡುಗಿಯರಿಗೆ ಬಾಗಿಲು ತೆರೆಯಲೇಬೇಕು ಅಂತ ಆಯಿತು, ಆದರೆ ಗೈಡ್ಸ್ ಇವತ್ತಿಗೂ ಹುಡುಗಿಯರಿಗೆ ಮಾತ್ರ. ಹುಡುಗಿಗೆ ಅಲ್ಲಿ ಎರಡು ಬಾಗಿಲು, ಬೇಕಾದ ಕಡೆ ಹೋಗಬಹುದು. ಹುಡುಗನಿಗೆ ಒಂದೇ. ಅಂದರೆ ವಿದೇಶದಲ್ಲೂ ಎಲ್ಲರೂ ಒಂದೇ ಮಾತು ಹೇಳುತ್ತಿಲ್ಲ ಅಜ್ಜಾರೇ.

ಇನ್ನು ಸಂಸ್ಕೃತಿ. ನೀವು ಇರುವುದು ಬಸವಕಲ್ಯಾಣದಲ್ಲಿ. ಹನ್ನೆರಡನೇ ಶತಮಾನದಲ್ಲಿ ನಿಮ್ಮ ಊರಿನಲ್ಲೇ ಶರಣರ ಜೊತೆ ಶರಣೆಯರೂ ಕೂತು ಮಾತಾಡಿದರು, ವಚನ ಬರೆದರು. ಅಕ್ಕಮಹಾದೇವಿ ಅಲ್ಲಿಗೆ ಬಂದಾಗ ಅಲ್ಲಮಪ್ರಭು ಪ್ರಶ್ನೆ ಮೇಲೆ ಪ್ರಶ್ನೆ ಕೇಳಿದ್ದು, ಅಕ್ಕ ಹಿಂಜರಿಯದೆ ಉತ್ತರ ಕೊಟ್ಟಿದ್ದು ನಿಮಗೆ ನಾನು ಹೇಳಬೇಕಾ? ಒಟ್ಟಿಗೆ ಕೂರುವುದು ನಮಗೆ ಹೊಸದು ಅಂತ ಮಾತ್ರ ಹೇಳಬೇಡಿ.

ಇನ್ನೊಂದು ಮಾತು, ಕೇಳಿದ್ದಕ್ಕಿಂತ ಸ್ವಲ್ಪ ಆಚೆ ಹೋಗುತ್ತೆ. ಬ್ರೌನ್‌ಸೀ ದ್ವೀಪದ ಆ ಮೊದಲ ಕ್ಯಾಂಪಿನಲ್ಲಿ ದೊಡ್ಡ ಸಂಗತಿ ಅಂದರೆ ಸಾಹುಕಾರರ ಮಕ್ಕಳು, ದುಡಿಯುವವರ ಮಕ್ಕಳು ಒಂದೇ ಪೆಟ್ರೋಲ್‌ನಲ್ಲಿ ಇದ್ದದ್ದು. ನಮ್ಮಲ್ಲೂ ಕಷ್ಟದ ಬೆರಕೆ ಅದೇ. ಒಂದೇ ಓಣಿಯ, ಒಂದೇ ಜಾತಿಯ ಆರು ಹುಡುಗರನ್ನು ಒಂದು ಪೆಟ್ರೋಲ್ ಮಾಡಿ 'ಹೊಂದಾಣಿಕೆ ಚೆನ್ನಾಗಿದೆ' ಅನ್ನುವವರು ಇದ್ದಾರೆ. ಹುಡುಗ ಹುಡುಗಿ ದೂರ ಇರಲಿ ಅಂತ ಪತ್ರ ಬರೆದವರಲ್ಲಿ ಒಬ್ಬರಾದರೂ ಕ್ಯಾಂಪಿನ ಅಡಿಗೆ ಯಾರು ಮಾಡುತ್ತಾರೆ, ಯಾರ ಪಕ್ಕ ಯಾರು ಕೂತು ಉಣ್ಣುತ್ತಾರೆ ಅಂತ ಕೇಳಿಲ್ಲ. ಆ ಬೇಲಿ ಕಿತ್ತುಹಾಕುವ ಬಗ್ಗೆ ನಿಮ್ಮಂಥ ಹಿರಿಯರು ಬರೆದರೆ ಮುಂದಿನ ಸಂಚಿಕೆಯಲ್ಲಿ ಪೂರ್ತಿ ಹಾಕಿಸುತ್ತೇನೆ.

ನಾನು ಡಿಗ್ರಿ ಎರಡನೇ ವರ್ಷ, ರೋವರ್. ನಮ್ಮ ಕಾಲೇಜಿನಲ್ಲಿ ರೋವರ್ಸ್ (ದೊಡ್ಡ ಹುಡುಗರ ಘಟಕ), ರೇಂಜರ್ಸ್ (ದೊಡ್ಡ ಹುಡುಗಿಯರದ್ದು) ಬೇರೆ ಬೇರೆ ದಿನ ಸೇರುತ್ತೇವೆ. ಒಂದೇ ಕ್ಲಾಸಿನಲ್ಲಿ ಕೂರುವವರು ನಾವು, ಸೇವೆ ಮಾಡಲು ಮಾತ್ರ ಬೇರೆ ಯಾಕೆ?
– ಒಬ್ಬ ವಿದ್ಯಾರ್ಥಿ, ಕಲಬುರಗಿ

ಯಾಕೂ ಇಲ್ಲ. ಹಳೆಯ ಅಭ್ಯಾಸ, ಅಷ್ಟೇ.

ಹದಿನೆಂಟು ದಾಟಿದವರು ಮತ ಹಾಕುತ್ತಾರೆ. ರೋವರ್, ರೇಂಜರ್ ಘಟಕಗಳ ಲೆಕ್ಕ ಬೇರೆ ಇರಲಿ, ಕೆಲಸ ಒಟ್ಟಿಗೆ ಇಟ್ಟುಕೊಳ್ಳಿ. ಶರಣಬಸವೇಶ್ವರ ಜಾತ್ರೆಯಲ್ಲಿ, ಬಂದೇನವಾಜ್ ಉರುಸಿನಲ್ಲಿ ಜನ ನಿಯಂತ್ರಣಕ್ಕೆ, ನೀರು ಕೊಡಲು ಹೋಗುತ್ತೀರಿ ಅಂದುಕೊಳ್ಳಿ. ಬರುವ ಭಕ್ತರಲ್ಲಿ ಗಂಡಸರು, ಹೆಂಗಸರು, ಕಳೆದುಹೋದ ಮಕ್ಕಳು ಎಲ್ಲ ಇರುತ್ತಾರೆ. ಹೆಂಗಸರ ಸಾಲಿನಲ್ಲಿ ಒಬ್ಬರು ತಲೆ ಸುತ್ತಿ ಬಿದ್ದರೆ ರೋವರ್ ಹುಡುಗ ಹೋಗಿ ಎತ್ತುವುದಕ್ಕೂ, ರೇಂಜರ್ ಹುಡುಗಿ ಹೋಗಿ ಎತ್ತುವುದಕ್ಕೂ ವ್ಯತ್ಯಾಸ ಇದೆ ಅಲ್ವಾ? ಇಬ್ಬರೂ ಬೇಕು. ಹದಿಮೂರರ ವಯಸ್ಸಿಗೆ ನಾನು ಹೇಳಿದ ಲೆಕ್ಕ ಹತ್ತೊಂಬತ್ತಕ್ಕೆ ಹೊಂದುವುದಿಲ್ಲ. ಕಬ್, ಬುಲ್‌ಬುಲ್ ವಯಸ್ಸಿನ, ಅಂದರೆ ಹತ್ತರೊಳಗಿನ, ಚಿಕ್ಕವರಿಗೂ ಹೊಂದುವುದಿಲ್ಲ, ಅವರು ಹೇಗೂ ಶಾಲೆ ಅಂಗಳದಲ್ಲಿ ಒಟ್ಟಿಗೇ ಆಡುತ್ತಾರೆ. ತಗಾದೆ ಎಲ್ಲ ನಡುವಿನ ಆರೇಳು ವರ್ಷದ್ದು.

ಒಟ್ಟಿಗೆ ಸೇರಿದ ದಿನ ಲೀಡರ್ ಯಾರು ಅಂತ ಸರದಿ ಹಾಕಿಕೊಳ್ಳಿ. ಇಲ್ಲದಿದ್ದರೆ ಬೀದರಿನ ತಂಗಿ ಬರೆದ ಕಥೆ ನಿಮ್ಮಲ್ಲೂ ಆಗುತ್ತೆ.

ಮೇಡಂ, ಫೆಬ್ರವರಿ 22ಕ್ಕೆ ನಮ್ಮ ಶಾಲೆಯಲ್ಲಿ ಚಿಂತನಾ ದಿನ ಮಾಡಿದರು. ಅದು ಸ್ಕೌಟ್ಸ್ ಹಬ್ಬನಾ, ಗೈಡ್ಸ್ ಹಬ್ಬನಾ? ನಮ್ಮಲ್ಲಿ ಜಗಳ ಆಗಿದೆ.
– ಆರನೇ ಕ್ಲಾಸಿನ ಸ್ಕೌಟ್, ಜೇವರ್ಗಿ

ಇಬ್ಬರದ್ದೂ ಪುಟ್ಟಾ. ಶುರು ಮಾಡಿದವರು ಗೈಡ್‌ಗಳು, 1926ರಲ್ಲಿ. ಆ ದಿನವೇ ಯಾಕೆ ಅಂದರೆ ಬೇಡನ್ ಪೊವೆಲ್ ಹುಟ್ಟಿದ್ದು 1857ರ ಫೆಬ್ರವರಿ 22, ಅವರ ಹೆಂಡತಿ ಓಲೇವ್ ಹುಟ್ಟಿದ್ದು 1889ರ ಫೆಬ್ರವರಿ 22. ಒಂದೇ ತಾರೀಖು! ಓಲೇವ್ ಮುಂದೆ ಇಡೀ ಜಗತ್ತಿನ ಗೈಡ್‌ಗಳ ಮುಖ್ಯಸ್ಥೆ ಆದರು. ಜಗಳ ಬಿಟ್ಟು ಸಿಹಿ ಹಂಚಿಕೊಳ್ಳಿ.

ಹೈಕ್‌ಗೆ ಅಂತ ಮಕ್ಕಳನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದರೆ ಗೈಡ್‌ಗಳಿಗೆ ಟಿಕೆಟ್ ದುಡ್ಡಿಲ್ಲ, ಸ್ಕೌಟ್‌ಗಳಿಗೆ ಇದೆ. ಹುಡುಗರು 'ಇದು ಅನ್ಯಾಯ' ಅಂತ ಗಲಾಟೆ ಮಾಡುತ್ತಾರೆ. ಏನು ಹೇಳಲಿ?
– ಒಬ್ಬ ಶಿಕ್ಷಕಿ, ಚಿತ್ತಾಪುರ

ನಗು ಬಂತು ಮೇಡಂ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಈ ಗಲಾಟೆ ಮನೆ ಮನೆಯಲ್ಲೂ ಇದೆ. ನ್ಯಾಯ ಅನ್ಯಾಯದ ಪಾಠ ಬಸ್ಸಿನಲ್ಲಿ ಬೇಡ. ಹೋಗುವ ಮೊದಲೇ ಎಲ್ಲ ಮಕ್ಕಳಿಂದ ಒಂದೇ ಮೊತ್ತ ವಸೂಲಿ ಮಾಡಿ, ಹುಡುಗರ ಟಿಕೆಟ್ ಅದರಲ್ಲೇ ತೆಗೆಸಿ, ಉಳಿದದ್ದಕ್ಕೆ ಎಲ್ಲರಿಗೂ ಸುಸಲಾ, ಮಿರ್ಚಿ ಭಜಿ. ಹುಡುಗಿಯರ ಮನೆಯವರಿಗೆ ಮೊದಲೇ ಹೇಳಿ ಒಪ್ಪಿಸಿಕೊಳ್ಳಿ, ಆಮೇಲೆ 'ಫ್ರೀ ಬಸ್ಸಿಗೆ ದುಡ್ಡು ಯಾಕೆ ತಗೊಂಡ್ರಿ' ಅಂತ ಬಂದಾರು. ಹುಡುಗಿಯರೆಲ್ಲ ಆಧಾರ್ ಕಾರ್ಡ್ ಇಟ್ಟುಕೊಂಡಿರಲಿ. ಚಿಂಚೋಳಿಯ ಚಂದ್ರಂಪಳ್ಳಿ ಕಡೆಗೋ, ಶಹಾಪುರದ ಬುದ್ಧ ಮಲಗಿದ ಬೆಟ್ಟಕ್ಕೋ ಹೋದರೆ ನಡೆಯುತ್ತೆ. ಹೊರ ರಾಜ್ಯಕ್ಕೆ ಹೋಗುವ ಬಸ್ಸಿಗೆ ಈ ಯೋಜನೆ ಇಲ್ಲ, ಸೊಲ್ಲಾಪುರಕ್ಕೋ ಹೈದರಾಬಾದಿಗೋ ಹೊರಟರೆ ಎಲ್ಲರಿಗೂ ಟಿಕೆಟ್. ಮತ್ತೆ ಹೈಕ್ ಡಿಸೆಂಬರ್, ಜನವರಿಯಲ್ಲೇ ಮುಗಿಸಿಬಿಡಿ. ಏಪ್ರಿಲ್ ಬಂತು ಅಂದರೆ ನಮ್ಮ ಬಿಸಿಲಿಗೆ ಸ್ಕೌಟೂ ಅಷ್ಟೇ, ಗೈಡೂ ಅಷ್ಟೇ, ಇಬ್ಬರೂ ಮನೆ ಬಿಟ್ಟು ಹೊರಗೆ ಬರುವುದಿಲ್ಲ.